ಇಪ್ಪತ್ತೊಂದು ಮನೆಯ ಆಟ

ಅಕ್ಕಾ,

ನಿನ್ನ ಯೋಗಕ್ಷೇಮ ಆಮೇಲೆ ಕೇಳುತ್ತೇನೆ, ಮೊದಲು ಇದನ್ನು ಓದು. ವಿಡಿಯೋ ಗೇಮ್ ಮಾಡಲು ಕಲಿಸುತ್ತೇವೆಂದು ಸೇರಿಸಿಕೊಂಡು, ಮೊದಲ ದಿನ ಕಂಪ್ಯೂಟರಿಗೆಲ್ಲ ಬಟ್ಟೆ ಹೊದಿಸಿ, ನಮ್ಮ ಕೈಗೆ ರಟ್ಟು, ಕತ್ತರಿ ಕೊಟ್ಟರು! "ಚಿಕ್ಕಂದಿನಲ್ಲಿ ಆಡಿದ ಒಂದು ಆಟ ಮಾಡಿ. ಬೇರೆಯವರು ಆಡ್ತಾರೆ, ನೀವು ಬಾಯಿ ಬಿಡೋ ಹಾಗಿಲ್ಲ" ಎಂದರು ಮೇಷ್ಟ್ರು. ನಾನೇನು ಒಂದನೇ ಕ್ಲಾಸಿನ ಮಗುವೇ?

ಹಲ್ಲು ಕಚ್ಚಿಕೊಂಡು ನೀನು ಕಲಿಸಿದ ಗುಂಡಿ ಆಟವನ್ನೇ ಮಾಡಿದೆ. ಇಪ್ಪತ್ತೊಂದು ಮನೆ, ಇಬ್ಬರಿಗೂ ಸೇರಿ ಮೊದಲ ಮನೆಯ ಹೊರಗಿಂದ ಹೊರಡುವ ಒಂದೇ ಅಂಗಿ ಗುಂಡಿ. ಸರದಿ ಬಂದವರು ಅದನ್ನು ಒಂದು, ಎರಡು ಇಲ್ಲವೇ ಮೂರು ಮನೆ ನಡೆಸಬೇಕು. ಕೊನೆಯ ಮನೆ ಮುಟ್ಟಿಸಿದವರು ಗೆದ್ದರು. "ದೊಡ್ಡವರೇ ಮೊದಲು, ಸೋತವರು ಪಾತ್ರೆ ತೊಳೆಯಬೇಕು" ಎಂಬ ನಿನ್ನ ನಿಯಮವನ್ನೂ ಬಿಡದೆ ಚೀಟಿಯಲ್ಲಿ ಬರೆದೆ.

ಪಕ್ಕದ ಬೆಂಚಿನ ಕನ್ನಡಕದವಳು ಐದು ಸಲ ಮೊದಲು ಆಡಿ ಐದು ಸಲವೂ ಗೆದ್ದಳು. "ಮೊದಲು ಒಂದೇ ಮನೆ ನಡೆಸ್ಬೇಕು. ಆಮೇಲೆ ಅವರದೂ ನಮ್ಮದೂ ಸೇರಿ ನಾಲ್ಕಾಗೋ ಹಾಗೆ ನೋಡ್ಕೊಂಡ್ರೆ ಸೋಲೋದೇ ಇಲ್ಲ" ಎಂದಳು. ಮೇಷ್ಟ್ರು ಚೀಟಿ ಓದಿ ನಕ್ಕರು: "ಈ ನಿಯಮ ಮಾಡಿದ್ದು ನಿಮ್ಮಕ್ಕ ತಾನೇ?"

ಒಂದೇ ಮನೆ ನಡೆಸಿ, ಏನೂ ಅರಿಯದವಳಂತೆ ಜಡೆ ಹೆಣೆಯುತ್ತಾ ಕೂರುತ್ತಿದ್ದೆಯಲ್ಲೇ! ಪಾಪ, ನನಗಾಗಿ ಬಿಟ್ಟುಕೊಡುತ್ತಿದ್ದಾಳೆ ಎಂದುಕೊಂಡು ಎಂಟು ವರ್ಷ ನಿನ್ನ ಪಾಲಿನ ಪಾತ್ರೆಯನ್ನೂ ತಿಕ್ಕಿದೆನಲ್ಲ!

ನೆಗಡಿ ವಾಸಿಯಾಗಿದೆ ಎಂದು ಅಮ್ಮನಿಗೆ ಹೇಳು. ರಜೆಗೆ ಬರುತ್ತೇನೆ. ಈ ಸಲ ಪಾತ್ರೆ ತಿಕ್ಕುವುದಕ್ಕೂ ದೊಡ್ಡವರೇ ಮೊದಲು.

ನಿನ್ನ ತಂಗಿ