ಷಡ್ಡಕನ ಗೆಲುವು, ಅತ್ತೆಯವರ ಟಿಕೆಟ್ಟು

ಇಂಗ್ಲೆಂಡಿನ ‘ಬರೋ’ ಎಂಬ ಒಂದು ನಗರಾಡಳಿತ ವಿಭಾಗದಲ್ಲಿ ಮತಗಳನ್ನು ಕೂಡಿಸಿ ನನ್ನ ನೆಮ್ಮದಿಯನ್ನು ಕಳೆದ ಚುನಾವಣಾಧಿಕಾರಿಗಳಾದ ಮಾನ್ಯರೇ,

ದೂರು ಕೊಡುವವನ ಕೈ ಶುದ್ಧವಾಗಿರಬೇಕು ಎನ್ನುತ್ತಾರೆ. ನನ್ನದು ಶುದ್ಧವಿಲ್ಲ, ಅದಕ್ಕೊಂದು ಸ್ಟಿಕ್ಕರ್ ಅಂಟಿದೆ. ಆದ್ದರಿಂದ ತಪ್ಪೊಪ್ಪಿಗೆಯಿಂದಲೇ ಶುರು ಮಾಡುತ್ತೇನೆ. 2018ನೇ ಇಸವಿಯ ಮೇ ತಿಂಗಳ ಮೊದಲ ಶನಿವಾರ, ಟೆಕ್ಸಾಸಿನ ಮರ್ಫಿ ಎಂಬ ನಮ್ಮ ಪುಟ್ಟ ಊರಿನ ನಗರಸಭೆಗೆ ಚುನಾವಣೆ ನಡೆದ ದಿನ, ಮತಗಟ್ಟೆಯ ಬಾಗಿಲ ಬಳಿಯ ಮೇಜಿನ ಮೇಲಿದ್ದ ಸುರುಳಿಯಿಂದ ‘ನಾನು ಮತ ಹಾಕಿದೆ’ ಎಂದು ಇಂಗ್ಲಿಷಿನಲ್ಲಿ ಅಚ್ಚಾದ ಸ್ಟಿಕ್ಕರೊಂದನ್ನು, ಮತ ಹಾಕದೆ, ಹಾಕುವ ಹಕ್ಕೂ ಇಲ್ಲದೆ, ಪೂರ್ಣ ಪ್ರಜ್ಞೆಯಿಂದ ಕದ್ದಿದ್ದೇನೆ. ಈ ಅಪರಾಧಕ್ಕೆ ಪ್ರೇರಣೆ ತಾವು. ಅದಕ್ಕೆ ಎರಡು ದಿನ ಮೊದಲು, ನಿಮ್ಮ ಬರೋದ ಕೌನ್ಸಿಲಿಗೆ ನನ್ನ ಷಡ್ಡಕ ಮಧ್ವೇಶ ಆಯ್ಕೆಯಾದನೆಂದು ತಾವು ಘೋಷಿಸಿದಿರಿ. ಮರುದಿನವೇ ನಮ್ಮ ಅತ್ತೆ ನಮ್ಮಲ್ಲಿಗೆ ಬರಲು ತೆಗೆದಿದ್ದ ಡಲ್ಲಾಸಿನ ಟಿಕೆಟ್ಟನ್ನು ಬಿಟ್ಟು ನಿಮ್ಮೂರಿನ ಟಿಕೆಟ್ಟು ಕೊಂಡರು. ಅವನಿಗೆ ಕೌನ್ಸಿಲ್, ನಮಗೆ ಕ್ಯಾನ್ಸಲ್. ಇದೇ ನನ್ನ ದೂರು.

ಷಡ್ಡಕ ಎಂದರೆ ಹೆಂಡತಿಯ ಅಕ್ಕನ ಇಲ್ಲವೇ ತಂಗಿಯ ಗಂಡ. ನಿಮ್ಮ ಭಾಷೆಯಲ್ಲಿ ಇದಕ್ಕೆ ಸರಿಯಾದ ಪದವಿಲ್ಲ. ಪದವಿಲ್ಲದವರಿಗೆ ಈ ಪದವಿಯ ಉರಿಯೂ ತಿಳಿಯದು. ಒಂದೇ ಮನೆಯ ಇಬ್ಬರು ಅಳಿಯಂದಿರೆಂದರೆ ಒಂದೇ ವಾರ್ಡಿನ ಇಬ್ಬರು ಅಭ್ಯರ್ಥಿಗಳು. ಮತದಾರರು ಮಾತ್ರ ಒಬ್ಬರೇ, ಅತ್ತೆ. ಅರಿಷಡ್ವರ್ಗದಲ್ಲಿ ಆರನೆಯದು ಮಾತ್ಸರ್ಯ. ಅಲ್ಲಿರುವ ‘ಷಡ್’ ಷಡ್ಡಕನಿಂದಲೇ ಬಂದಿರಬೇಕು ಎಂಬುದು ನನ್ನ ಸಂಶೋಧನೆ. ಸಂಸ್ಕೃತ ಬಲ್ಲವರು ಕ್ಷಮಿಸಲಿ. ಅದರಲ್ಲೂ ನಮ್ಮ ಅತ್ತೆ ಕೃಷ್ಣವೇಣಿಯವರು ಸಾಮಾನ್ಯ ಮತದಾರರಲ್ಲ. ಮೈಸೂರಿನ ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಪಾಠ ಹೇಳಿ ನಿವೃತ್ತರಾದವರು, ಕರೆ ಬಂದಾಗಲೆಲ್ಲ ಮತಗಟ್ಟೆಯ ಡ್ಯೂಟಿ ಮಾಡಿದವರು. ಅರಗು, ಮೊಹರು, ಅಳಿಸಲಾಗದ ಶಾಯಿ ಎಂದರೆ ಅವರಿಗೆ ಪೂಜಾ ಸಾಮಗ್ರಿ. ಅಳಿಯನಿಗೆ ಪ್ರಮೋಷನ್ ಆಯಿತೆಂದರೆ “ಹೌದಾ, ಒಳ್ಳೇದಾಯ್ತು” ಎನ್ನುವವರು, ಅಳಿಯ ಎಲೆಕ್ಷನ್ ಗೆದ್ದನೆಂದರೆ ಎದ್ದು ನಿಲ್ಲುತ್ತಾರೆ.

ಈಗ ಬರೋದ ವಿಷಯಕ್ಕೆ ಬರೋಣ. ಮಧ್ವೇಶನ ಪಾಸ್‌ಪೋರ್ಟೂ ಭಾರತದ್ದೇ, ನನ್ನದೂ ಭಾರತದ್ದೇ. ಅವನು ನಿಮ್ಮಲ್ಲಿಗೆ ಬಂದ ವರ್ಷವೇ ನಿಮ್ಮ ಕಚೇರಿ ಅವನ ಮನೆಗೆ ಕಾಗದ ಹಾಕಿ, ಮತದಾರರ ಪಟ್ಟಿಯಲ್ಲಿ ತಮ್ಮ ಹೆಸರಿಲ್ಲವಲ್ಲ ಎಂದು ಕಳಕಳಿಯಿಂದ ವಿಚಾರಿಸಿತಂತೆ. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ ಮತ ಹಾಕಬಹುದು, ಕಾಯಂ ವಾಸದ ಪರವಾನಗಿ ಸಿಕ್ಕಿದ ಮೇಲೆ ಸ್ಪರ್ಧೆಗೂ ನಿಲ್ಲಬಹುದು. ನಿಂತ. ಗೆದ್ದ. ನಾನು ಟೆಕ್ಸಾಸಿಗೆ ಬಂದದ್ದು ಅವನು ನಿಮ್ಮಲ್ಲಿಗೆ ಬರುವ ನಾಲ್ಕು ವರ್ಷ ಮೊದಲು. ನಾನೂ ನಿಂತಿದ್ದೇನೆ, ಗ್ರೀನ್ ಕಾರ್ಡಿನ ಸಾಲಿನಲ್ಲಿ. ಕಾರ್ಡು ಹಸಿರಾಗುವ ಮೊದಲೇ ತಲೆ ಬೆಳ್ಳಗಾಗಿದೆ. ಮನೆಯ ತೆರಿಗೆ ಕಟ್ಟುತ್ತೇನೆ, ಶಾಲೆಯ ತೆರಿಗೆ ಕಟ್ಟುತ್ತೇನೆ, ಹುಲ್ಲು ಕತ್ತರಿಸದಿದ್ದರೆ ದಂಡವನ್ನೂ ಕಟ್ಟುತ್ತೇನೆ. ಪ್ರಾತಿನಿಧ್ಯವಿಲ್ಲದೆ ತೆರಿಗೆ ಕೊಡುವುದಿಲ್ಲ ಎಂದು ನಿಮ್ಮ ಚಹಾವನ್ನು ಸಮುದ್ರಕ್ಕೆ ಸುರಿದ ದೇಶವಿದು. ನಾನು ಕಾಫಿ ಕುಡಿಯುವವನು, ಸುರಿಯಲು ಮನಸ್ಸು ಬರುವುದಿಲ್ಲ. ನಿಮ್ಮಿಂದ ಬಿಡಿಸಿಕೊಂಡ ಮೇಲೂ ನಿಮ್ಮನ್ನೇ ಹುಡುಕಿಕೊಂಡು ಬಂದವನಿಗೆ ಕುರ್ಚಿ, ನಿಮ್ಮಿಂದ ಆದಷ್ಟು ದೂರ ಹೋದವನಿಗೆ ಸಾಲು. ಇದು ಯಾವ ಸೀಮೆಯ ನ್ಯಾಯ?

ಯೋಗ್ಯತೆಯಿಂದ ಗೆದ್ದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಅದು ಸುಳ್ಳು, ಇನ್ನೂ ಹೆಚ್ಚು ಬರೆಯುತ್ತಿದ್ದೆ. ಅವನ ಹೆಂಡತಿ, ಅಂದರೆ ನನ್ನ ನಾದಿನಿ ಚಿತ್ರಾ, ಅವನ ಕರಪತ್ರವನ್ನು ಕುಟುಂಬದ ವಾಟ್ಸ್ಯಾಪ್ ಗುಂಪಿಗೆ ಕಳಿಸಿದ್ದಳು. ಅದರಲ್ಲಿ ಯುದ್ಧವಿಲ್ಲ, ಶಾಂತಿಯಿಲ್ಲ, ಆರ್ಥಿಕ ನೀತಿಯಿಲ್ಲ. ಇರುವುದು ಕಸದ ಡಬ್ಬಿ. ವಾರಕ್ಕೊಮ್ಮೆ ಎತ್ತುವ ಕಸವನ್ನು ಎರಡು ವಾರಕ್ಕೊಮ್ಮೆ ಎತ್ತಬಾರದು ಎಂಬುದೇ ಅವನ ರಾಜಕೀಯ ಸಿದ್ಧಾಂತ. ಫೋಟೋದಲ್ಲಿ ಡಬ್ಬಿಯ ಹೆಗಲ ಮೇಲೆ ಕೈ ಹಾಕಿ, ಬಾಲ್ಯದ ಗೆಳೆಯ ಸಿಕ್ಕವನಂತೆ ನಗುತ್ತಿದ್ದಾನೆ. ಮಾನ್ಯರೇ, ಈ ಮನುಷ್ಯ ನಮ್ಮ ಮನೆಗೆ ರಜೆಗೆ ಬಂದಿದ್ದಾಗ ಉಂಡ ತಟ್ಟೆಯನ್ನು ಒಂದು ದಿನವೂ ಸಿಂಕಿನವರೆಗೆ ಒಯ್ದವನಲ್ಲ. ಇಡೀ ಬರೋದ ಕಸವನ್ನು ಯಾವ ಧೈರ್ಯದಿಂದ ಅವನಿಗೆ ಒಪ್ಪಿಸಿದಿರಿ? ಇದನ್ನೇ ಹೆಂಡತಿ ಹರ್ಷಿಣಿಯ ಮುಂದೆ ಹೇಳಿದೆ.

“ಪಾಪ, ಚಳೀಲಿ ಮನೆಮನೆ ಬಾಗಿಲು ತಟ್ಟಿದಾರೆ ಅವ್ರು,” ಎಂದಳು. “ನೀವು ನಮ್ಮ ಪಕ್ಕದ ಮನೆಯೋರ ಹೆಸರು ಹೇಳಿ ನೋಡೋಣ.”

ಅವರ ನಾಯಿಯ ಹೆಸರು ಗೊತ್ತು ಎಂದೆ. ಚರ್ಚೆ ಅಲ್ಲಿಂದ ಮುಂದೆ ಹೋಗಲಿಲ್ಲ.

ನಿಮ್ಮ ಎಣಿಕೆಯ ಗುರುವಾರ, ನಿಮ್ಮಲ್ಲಿ ನಡುರಾತ್ರಿ ದಾಟಿದಾಗ ನಮ್ಮಲ್ಲಿ ಇನ್ನೂ ಬಿಸಿಲಿತ್ತು. ನಾನು ಆಫೀಸಿನಿಂದ ಬೇಗ ಬಂದು ಸೋಫಾದಲ್ಲಿ ಕೂತು ಫೋನಿನಲ್ಲಿ ನಿಮ್ಮ ವೆಬ್‌ಸೈಟನ್ನು ಉಜ್ಜುತ್ತಿದ್ದೆ. ಎಲ್ಲ ವಾರ್ಡುಗಳ ಫಲಿತಾಂಶ ಬಂತು, ಅವನದು ಬರಲಿಲ್ಲ. ‘ಮರುಎಣಿಕೆ’ ಎಂದು ಚಿತ್ರಾ ಗುಂಪಿನಲ್ಲಿ ಬರೆದಾಗ ನನ್ನೆದೆಯಲ್ಲಿ ಸಣ್ಣದೊಂದು ದೀಪ ಹತ್ತಿತು. ಮಗಳು ಇಶಾ ಬಂದು ಪಕ್ಕದಲ್ಲಿ ಕೂತಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

“ಅಪ್ಪಾ, ವೈ ಆರ್ ಯುವರ್ ಐಸ್ ಕ್ಲೋಸ್ಡ್?”

“ಚಿಕ್ಕಪ್ಪನಿಗೋಸ್ಕರ ದೇವರ ಹತ್ರ ಕೇಳ್ಕೋತಿದೀನಿ ಪುಟ್ಟಾ.”

“ಟು ವಿನ್?”

ಪ್ರಜಾಪ್ರಭುತ್ವದಲ್ಲಿ ಮತ ಗೌಪ್ಯವಾಗಿರಬೇಕು ಎಂದು ಅವಳಿಗೆ ಹೇಳಿಕೊಟ್ಟೆ. ಅಷ್ಟರಲ್ಲಿ ತಾವು ಘೋಷಿಸಿದಿರಿ: ಹನ್ನೊಂದು ಮತಗಳಿಂದ ಗೆಲುವು.

ಮರುದಿನ ಬೆಳಿಗ್ಗೆ ಮೈಸೂರಿನಿಂದ ಅತ್ತೆಯ ಫೋನು ಬಂತು.

“ಪ್ರಹ್ಲಾದ್, ನೀವು ಬೇಜಾರು ಮಾಡ್ಕೋಬಾರದು. ಜೂನ್‌ಗೆ ನಿಮ್ಮಲ್ಲಿಗೆ ಬರ್ತೀನಿ ಅಂದಿದ್ದೆ, ನಿಜ. ಈ ಸಲ ಚಿತ್ರಾ ಮನೆಗೆ ಹೋಗ್ಬರ್ತೀನಿ.”

“ಇಶಾ ಕಾಯ್ತಿದಾಳೆ ಅತ್ತೆ.”

“ಅವಳ ಹತ್ರ ಮಾತಾಡ್ದೆ. ಓಕೆ ಅಜ್ಜಿ ಅಂದ್ಲು. ನೀವು ಓಕೆ ತಾನೆ?”

ಉತ್ತರಕ್ಕೆ ಕಾಯದೆ ಅವರೇ ಮುಂದುವರಿಸಿದರು. “ಇಷ್ಟು ಎಲೆಕ್ಷನ್ ಡ್ಯೂಟಿ ಮಾಡಿದೀನಿ, ಗೆದ್ದೋರ ಮನೇಲಿ ಒಂದು ಲೋಟ ಕಾಫಿ ಕುಡಿದೋಳಲ್ಲ. ಕುಡೀಬಾರದಿತ್ತು. ಈಗ ರಿಟೈರ್ ಆಗಿದೀನಲ್ಲ, ಮಧ್ವೇಶ್ ಮನೇಲಿ ಕುಡೀತೀನಿ. ಅದೂ ಅಲ್ದೆ ಅಲ್ಲಿ ಪಾರ್ಕಿಗೆ ನಡ್ಕೊಂಡು ಹೋಗಬಹುದು, ಕೂರೋಕೆ ಬೆಂಚಿದೆ. ನಿಮ್ಮಲ್ಲಿ ಆ ಕರೆಂಟ್ ಪೆಟ್ಟಿಗೆ ಮೇಲೆ ಎಷ್ಟು ದಿನ ಅಂತ ಕೂರ್ಲಿ ಹೇಳಿ.”

ಕರೆಂಟ್ ಪೆಟ್ಟಿಗೆಯ ವಿಷಯ ತಮಗೆ ತಿಳಿಯಬೇಕು. ನಮ್ಮ ಮನೆಗಳ ಹಿಂದೆ ಒಂದು ಕೊಳವಿದೆ, ಸುತ್ತ ಕಾಲುದಾರಿಯಿದೆ, ಬಾತುಕೋಳಿಗಳಿವೆ. ಮರವಿಲ್ಲ, ಬೆಂಚಿಲ್ಲ. ಇಲ್ಲಿ ನಡೆಯುವವರನ್ನು ಕಂಡರೆ ಪಾಪ ಕಾರು ಕೆಟ್ಟಿರಬೇಕು ಎಂದುಕೊಳ್ಳುವ ಜನ. ಕೂರುವ ವ್ಯವಸ್ಥೆ ಯಾಕೆ ಮಾಡುತ್ತಾರೆ? ಎರಡು ವರ್ಷದ ಹಿಂದೆ ಬಂದಿದ್ದಾಗ ಅತ್ತೆ ಮಂಡಿನೋವಿನಿಂದ ಅರ್ಧ ಸುತ್ತಿಗೇ ಸೋತು, ಹುಲ್ಲಿನ ನಡುವೆ ‘ಅಪಾಯ’ ಎಂದು ಬರೆದ ಹಸಿರು ಕರೆಂಟ್ ಪೆಟ್ಟಿಗೆಯ ಮೇಲೆ ಸೀರೆ ಸರಿಮಾಡಿಕೊಂಡು ಕೂರುತ್ತಿದ್ದರು. ಅಂಥ ಬಿಸಿಲಿನಲ್ಲಿ ಕಾದ ಕಬ್ಬಿಣ. ಆದರೂ ದಿನಾ ಹೋಗುತ್ತಿದ್ದರು, ಏಕೆಂದರೆ ಡ್ರೈವ್ ಮಾಡಲು ಬಾರದವರಿಗೆ ನಮ್ಮೂರಿನಲ್ಲಿ ಬೇರೆ ಜಗತ್ತಿಲ್ಲ. ಹೊರಡುವ ದಿನ ಏರ್‌ಪೋರ್ಟಿನಲ್ಲಿ ನಾನು ಮಾತು ಕೊಟ್ಟೆ: ಮುಂದಿನ ಸಲ ಬರುವಷ್ಟರಲ್ಲಿ ಅಲ್ಲಿ ಬೆಂಚು ಇರುತ್ತದೆ. ಆಶ್ವಾಸನೆ ಕೊಟ್ಟವನು ನಾನು, ಗೆದ್ದವನು ಅವನು. ಆದರೆ ಮತವಿಲ್ಲದವನು ಬೆಂಚು ಕೇಳಿದರೆ ಯಾರು ಕೇಳಿಸಿಕೊಳ್ಳುತ್ತಾರೆ? ಒಂದು ಮತ, ಒಂದೇ ಒಂದು ಮತ ನನ್ನ ಕೈಗೆ ಕೊಟ್ಟು ನೋಡಿ. ಅದನ್ನು ಸೋಫಾದ ಮೇಲೆ ಮಲಗಿಸುವ ಆಸಾಮಿ ನಾನಲ್ಲ. ಆ ಬೆಂಚು ಎಂದೋ ಬಂದು, ಅತ್ತೆ ಅದರ ಮೇಲೆ ಕೂತು ಬಾತುಕೋಳಿಗಳಿಗೆ ಸಂವಿಧಾನ ಹೇಳಿಕೊಡುತ್ತಿದ್ದರು.

ಈ ಉರಿಯಲ್ಲಿದ್ದಾಗಲೇ ಶನಿವಾರ ಬಂತು. ಹಿಂದಿನ ಬೀದಿಯ ಡಾಕ್ಟರ್ ಚನ್ನಮಲ್ಲಪ್ಪ ಧಾರವಾಡದವರು, ಪೌರತ್ವ ಸಿಕ್ಕಿದವರು. ಮತ ಹಾಕಲು ಹೊರಟವರು “ಬರ್ರಿ, ಹೊರಗ ನಿಂತು ನೋಡಾಕ ಯಾರೂ ಬ್ಯಾಡ ಅನ್ನಂಗಿಲ್ಲ” ಎಂದು ನನ್ನನ್ನೂ ಕರೆದೊಯ್ದರು. ಅಲ್ಲಿ ಕದ್ದ ಸ್ಟಿಕ್ಕರನ್ನು ಶರ್ಟಿಗೆ ಅಂಟಿಸಿ, ಎದೆಯುಬ್ಬಿಸಿ ಫೋಟೋ ತೆಗೆದು ಗುಂಪಿಗೆ ಹಾಕಿದೆ. ಮಧ್ವೇಶ ಹೆಬ್ಬೆರಳೆತ್ತಿದ. ಅತ್ತೆಯಿಂದ ಬಂದದ್ದು ಒಂದೇ ಸಾಲು: ‘ಅಭಿನಂದನೆಗಳು. ಸಿಟಿಜನ್‌ಶಿಪ್ ಯಾವಾಗ ಬಂತು?’ ಕಳ್ಳ ಓಟು ಹಿಡಿಯುವುದನ್ನೇ ಕಸುಬು ಮಾಡಿಕೊಂಡಿದ್ದವರ ಮುಂದೆ ಬಾಲ ಬಿಚ್ಚಬಾರದಿತ್ತು. ಫೋಟೋ ಅಳಿಸಿದೆ, ಅಷ್ಟರಲ್ಲಿ ಎಲ್ಲರೂ ನೋಡಿದ್ದರು. ದಯವಿಟ್ಟು ಈ ಸಂಗತಿಯನ್ನು ಇಲ್ಲಿನ ಸರ್ಕಾರಕ್ಕೆ ತಿಳಿಸಬೇಡಿ, ಸಾಲು ಇನ್ನೂ ಉದ್ದವಾದೀತು.

ಈಗ ನನ್ನ ಬೇಡಿಕೆ. ಇನ್ನೊಮ್ಮೆ ಎಣಿಸಿ ಎಂದು ಕೇಳುವುದಿಲ್ಲ, ಹನ್ನೊಂದು ಹನ್ನೆರಡಾದರೆ ಕಷ್ಟ. ನಮ್ಮ ಕಡೆ ಚುನಾವಣೆಯಾದ ಮೇಲೆ ಗೆದ್ದವರನ್ನು ರೆಸಾರ್ಟಿಗೆ ಸಾಗಿಸುವುದುಂಟು. ನಿಮ್ಮಲ್ಲಿ ಗೆದ್ದವನೇ ಮತದಾರರನ್ನು ಸಾಗಿಸಿದ್ದಾನೆ. ಅದಕ್ಕೆ ನಮ್ಮ ಕಡೆಯದೇ ಪರಿಹಾರ ಸೂಚಿಸುತ್ತೇನೆ: ಅವಧಿ ಹಂಚಿಕೆ. ಜೂನ್, ಜುಲೈ ಅವನಿಗೆ; ಆಗಸ್ಟಿನಿಂದ ಅತ್ತೆ ನಮಗೆ. ಅದು ಸಾಧ್ಯವಾಗಲು ಬರೋದ ಪ್ರತಿಯೊಂದು ಕಸದ ದೂರನ್ನೂ, ರಸ್ತೆಗುಂಡಿಯನ್ನೂ, ಪಾರ್ಕಿಂಗ್ ಜಗಳವನ್ನೂ ಆ ಎರಡು ತಿಂಗಳು ಅವನ ತಲೆಗೇ ಕಟ್ಟಿ. ಅಳಿಯ ಮನೆಯಲ್ಲೇ ಕಾಣದಿದ್ದರೆ ಅತ್ತೆಗೆ ಬೇಸರವಾಗಲೇಬೇಕು. ಈ ಪತ್ರವನ್ನು ನಮ್ಮ ಕನ್ನಡ ಕೂಟದ ಪತ್ರಿಕೆಯಲ್ಲಿ ಎಲ್ಲರೂ ಓದುವಂತೆ ಅಚ್ಚು ಹಾಕಿಸುತ್ತಿದ್ದೇನೆ. ತಮಗೆ ಕನ್ನಡ ಬಾರದು, ಚಿಂತೆಯಿಲ್ಲ. ಯಾವ ಭಾಷೆಯ ಅಹವಾಲನ್ನೂ ಅನುವಾದಿಸಿ ಕಚೇರಿಗೆ ಮುಟ್ಟಿಸುತ್ತೇನೆ ಎಂದು ತಮ್ಮ ಹೊಸ ಕೌನ್ಸಿಲರ್ ಕರಪತ್ರದಲ್ಲಿ ಬರೆದುಕೊಂಡಿದ್ದಾನೆ. ಅನುವಾದಿಸಲಿ.

ಇಲ್ಲಿಗೆ ಮುಗಿಸಬೇಕೆಂದಿದ್ದೆ. ಕಳಿಸುವ ಮೊದಲು ಚನ್ನಮಲ್ಲಪ್ಪನವರಿಗೆ ಓದಿ ಹೇಳಿದೆ. ಪೂರ್ತಿ ಕೇಳಿದರು.

“ಬರವಣಿಗಿ ಚಲೋ ಐತ್ರಿ. ಆದ್ರ ಆ ಬೆಂಚು ನಗರಸಭೆದ್ದಲ್ಲಲ್ರಿ. ಕೊಳ ನಮ್ಮ ಮನೆಮಾಲೀಕರ ಸಂಘದ್ದು.”

“ಗೊತ್ತು ಡಾಕ್ಟ್ರೇ.”

“ಗೊತ್ತಿದ್ರ ಅದನ್ನೂ ಬರೀರಲ.”

ಬರೆಯುತ್ತೇನೆ. ನಮ್ಮ ಬಡಾವಣೆಯಲ್ಲಿ ಮನೆ ಕೊಂಡವರಿಗೆಲ್ಲ ಆ ಸಂಘದಲ್ಲಿ ಮನೆಗೊಂದು ಮತವಿದೆ. ಯಾವ ದೇಶದವರೆಂದು ಯಾರೂ ಕೇಳುವುದಿಲ್ಲ. ಕೊಳದ ದಂಡೆಗೆ ಬೆಂಚು ಮತ್ತು ನೆರಳು ಬೇಕೆಂಬ ಪ್ರಸ್ತಾವ ತಂದವರು ಚನ್ನಮಲ್ಲಪ್ಪನವರು, ಅತ್ತೆ ಪೆಟ್ಟಿಗೆಯ ಮೇಲೆ ಕೂರುವುದನ್ನು ಕಂಡು ಸಂಕಟಪಟ್ಟು. ಅದನ್ನು ಮತಕ್ಕೆ ಹಾಕುವ ವಾರ್ಷಿಕ ಸಭೆ ನಡೆದದ್ದು ನಿಮ್ಮ ಎಣಿಕೆಯ ಅದೇ ಗುರುವಾರ ಸಂಜೆ. ಸಭೆ ನಡೆಯಲು ಬೇಕಾದ ಕೋರಂಗೆ ಒಂದು ಮನೆ ಕಡಿಮೆ ಬಿತ್ತು. ಅವರು ಸಭೆಯಿಂದೆದ್ದು ಬಂದು ನಮ್ಮ ಕರೆಗಂಟೆ ಒತ್ತಿದರು. ಬಾಗಿಲ ಕ್ಯಾಮೆರಾದಲ್ಲಿ ಅವರ ಮುಖ ನನ್ನ ಫೋನಿನ ಮೇಲೆ ಮೂಡಿತು, ಮರುಎಣಿಕೆಯನ್ನು ಪೂರ್ತಿ ಮುಚ್ಚಿಕೊಂಡು. ನಾನು ಅದನ್ನು ಬೆರಳಿನಿಂದ ಬದಿಗೆ ಸರಿಸಿದೆ. “ಯಾರದು?” ಎಂದು ಹರ್ಷಿಣಿ ಅಡುಗೆಮನೆಯಿಂದ ಕೇಳಿದಾಗ “ಪಾರ್ಸೆಲ್” ಎಂದೆ. ಸಭೆ ಬರ್ಖಾಸ್ತಾಯಿತು. ಇನ್ನು ಮುಂದಿನ ವರ್ಷವೇ.

ಇಂತಿ,
ಕಡಿಮೆ ಬಿದ್ದ ಆ ಮನೆಯ ಯಜಮಾನ,
ಪ್ರಹ್ಲಾದ್, ಮರ್ಫಿ