ಅಕ್ಕನಿಗೆ ಊಟ ಹಾಕುವ ಕೆಲಸ

ಕನಜಾವಾ
ನವೆಂಬರ್ ೯

ಪ್ರೀತಿಯ ಅಮ್ಮನಿಗೆ, ನಿನ್ನ ಕಿರಿಮಗಳು ಮಿಯೋಳ ನಮಸ್ಕಾರ.

ಇಲ್ಲಿ ಇನ್ನೂ ಹಿಮ ಬಿದ್ದಿಲ್ಲ. ಹಿಮದ ಭಾರಕ್ಕೆ ಕೊಂಬೆ ಮುರಿಯದಂತೆ ಪೈನ್ ಮರಗಳಿಗೆ ಹಗ್ಗ ಕಟ್ಟುವವರು ಮಾತ್ರ ಬಂದು ಹೋದರು. ನಿನ್ನ ಮೊಣಕಾಲು ನೋವು ಹೇಗಿದೆ?

ಚಿಗುಸಾ ಅಕ್ಕನ ಅಸ್ಥಿಯನ್ನು ಸಮಾಧಿಯಲ್ಲಿಟ್ಟ ದಿನ ನೀನು, "ಎಲ್ಲಾ ಬಂತೇನೇ? ಅವಳದ್ದು ಏನೂ ಹೊರಗೆ ಉಳೀಲಿಲ್ಲ ತಾನೆ?" ಎಂದು ಕೇಳಿದೆ. ನಾನು ಹೂಂ ಅಂದೆ. ಅದು ಸುಳ್ಳು, ಅಮ್ಮ. ಆಪರೇಷನ್ನಿನಲ್ಲಿ ತೆಗೆದ ಗಡ್ಡೆಯ ಚೂರೊಂದು ನಮ್ಮ ಲ್ಯಾಬಿನಲ್ಲಿ ಇನ್ನೂ ಬೆಳೆಯುತ್ತಿದೆ.

ಒಪ್ಪಿಗೆ ಕೊಟ್ಟವಳು ಅಕ್ಕನೇ, ನಿನಗೆ ಹೇಳಬೇಡ ಎಂದವಳೂ ಅವಳೇ. "ನೀನಾದ್ರೂ ಅದಕ್ಕೆ ಹೊಟ್ಟೆ ತುಂಬ ಊಟ ಹಾಕೇ, ಈ ಆಸ್ಪತ್ರೆ ಗಂಜಿ ಕುಡಿದು ನನ್ನ ನಾಲಿಗೆ ಸತ್ತೋಗಿದೆ" ಎಂದು ನಕ್ಕಳು. ಹೊಟ್ಟೆಯ ಕ್ಯಾನ್ಸರ್ ಆದವಳ ತಮಾಷೆ ಅದು. ಕೋಶಗಳಿಗೆ ಪೋಷಕ ದ್ರವ ಬದಲಿಸುವುದನ್ನು ನಾವು ಊಟ ಹಾಕುವುದು ಎಂದೇ ಹೇಳುತ್ತೇವೆ. ಅಕ್ಕನ ಕೋಶಗಳಿಗೆ ಹಾಕುವ ಪಾಳಿ ನನ್ನದು.

ಬೆಳೆದದ್ದು ಸಾಕು ಎಂದು ತಡೆಯುವ ಜೀನ್ ಎಲ್ಲರ ಕೋಶದಲ್ಲೂ ಇರುತ್ತದೆ. ಅಕ್ಕನದ್ದು ಕೆಟ್ಟಿರಲಿಲ್ಲ. ಕೋಶವೇ ಅದಕ್ಕೆ ರಾಸಾಯನಿಕ ಚೀಟಿ ಅಂಟಿಸಿ ಬಾಯಿ ಮುಚ್ಚಿಸಿತ್ತು, ಅಂಗಡಿಯವನು ಒಳಗಿರುವಾಗಲೇ ಯಾರೋ ಶಟರ್ ಎಳೆದ ಹಾಗೆ. ಆ ಚೀಟಿ ಕೀಳುವ ಔಷಧವನ್ನು ನಾವು ಪರೀಕ್ಷಿಸುತ್ತಿದ್ದೇವೆ.

ಪ್ರಯೋಗದಲ್ಲಿ ಸತ್ತ ಇಲಿಗಳಿಗೆ ನಾವು ವರ್ಷಕ್ಕೊಮ್ಮೆ ಮಾಡುವ ಶ್ರಾದ್ಧ ನಿನ್ನೆ ನಡೆಯಿತು. ಒಬ್ಬೊಬ್ಬರೂ ಒಂದು ಸೇವಂತಿಗೆ ಇಟ್ಟು ತಲೆಬಾಗಿದೆವು. ನಾನು ಎರಡು ಇಟ್ಟೆ. ಪ್ರೊಫೆಸರ್ ಕುರಾಮೊಚಿ ಅದನ್ನು ಕಂಡು ನನ್ನನ್ನು ಪಕ್ಕಕ್ಕೆ ಕರೆದರು. "ನಿಮ್ಮ ತಾಯಿಗೆ ಹೇಳ್ಬಿಡಮ್ಮ. ಅವರು ಬೇಡ ಅಂದ್ರೆ ನಿಲ್ಸಿಬಿಡೋಣ" ಎಂದರು.

ಅದಕ್ಕೇ ಬರೆಯುತ್ತಿದ್ದೇನೆ. ಅಕ್ಕನನ್ನು ಕೊಂದದ್ದು ಈ ಕೋಶಗಳೇ, ಅವಳದ್ದು ಅಂತ ಜೀವಂತವಾಗಿ ಉಳಿದಿರುವುದೂ ಇವೇ. ಸುಟ್ಟು ಬೂದಿ ತಾ ಅಂದರೆ ಸಮಾಧಿಗೆ ತರುತ್ತೇನೆ. ಇರಲಿ ಅಂದರೆ ಇನ್ನೊಬ್ಬರ ಮಗಳಿಗೆ ಉಪಯೋಗವಾದೀತು. ನನಗಂತೂ ಇದು ಬಿಸಿತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ನೀನೇ ಹೇಳಬೇಕು. ಬೈದಾದರೂ ಬರೆ.

ನಿನ್ನ
ಮಿಯೋ

ಮ.ವಿ.: ಇದನ್ನು ಮೊದಲೇ ಬರೆಯಬೇಕಿತ್ತು. ಔಷಧ ಕೆಲಸ ಮಾಡಿತು, ಅಮ್ಮ. ಅಕ್ಕನ ಜೀನ್ ಎಚ್ಚೆತ್ತಿದೆ, ತಟ್ಟೆಗಳಲ್ಲಿ ಕೋಶಗಳು ಬೆಳೆಯುವುದು ನಿಂತಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಒಂದು ತಟ್ಟೆಗೆ ಮಾತ್ರ ಔಷಧ ಹಾಕದೆ ಹಿಂದೆ ಸರಿಸಿಟ್ಟಿದ್ದೇನೆ. ಪ್ರಯೋಗಕ್ಕೆ ಅದು ಬೇಕಾಗಿಲ್ಲ. ಇವತ್ತೂ ಊಟ ಹಾಕಿ ಬಂದೆ.