ಮಂಗಳವಾರದ ಒಗೆತ

ನವೆಂಬರ್ 11, ಮಂಗಳವಾರ. ಬೆಳಿಗ್ಗೆ

'ಹಿಮ ಬಿದ್ದ ಮೇಲೆ ಎಲ್ಲ ಸೂರುಗಳೂ ಒಂದೇ...' — ಮುಂದಿನದು ನೆನಪಾಗುತ್ತಿಲ್ಲ. ತಾಯ್ನಾಡಿನ ಸ್ಕೋಪ್ಯೆಯಲ್ಲಿ ಎಂ.ಎ. ಓದುವಾಗ ಹಾಸ್ಟೆಲಿನಲ್ಲಿ ಯಾರೋ ಹೇಳುತ್ತಿದ್ದ ಸಾಲು. ಅಥವಾ ನಾನೇ ಬರೆದು ಹರಿದುಹಾಕಿದ್ದೋ. ಆಗ ಮೈ ಜುಮ್ಮೆಂದಿತ್ತು. ಈಗ ಅನುಮಾನ. ಬರೆದವರು ಹಿಮದ ನಡುವೆ ಒಂದು ಚಳಿಗಾಲವನ್ನಾದರೂ ಕಳೆದಿದ್ದರೇ?

ಒಂದೇ ಅಲ್ಲ. ಅಡುಗೆಮನೆ ಕಿಟಕಿಯಿಂದ ನೋಡಿದರೆ ಸಾಕು. ಒಳಗೆ ಒಲೆ ಉರಿಯುವ ಮನೆಯ ಸೂರು ಮಧ್ಯಾಹ್ನದೊಳಗೆ ಕಪ್ಪಾಗಿ ಹನಿಯತೊಡಗುತ್ತದೆ. ಬಾಸೆಲ್‌ನವರ, ಜೂರಿಕ್‌ನವರ ರಜೆಯ ಮನೆಗಳು ಮಾರ್ಚ್ ತನಕ ಬೆಳ್ಳಗೆ. ವರ್ಷದಿಂದ ವರ್ಷಕ್ಕೆ ಬಿಳಿ ಸೂರುಗಳೇ ಹೆಚ್ಚು. ಊರಿನ ಕೊನೆಯಲ್ಲಿರುವ ಸೈನ್ಯದ ಹಳೆಯ ಬ್ಯಾರಕ್ಕಂತೂ ನಾನು ಬಂದಾಗಿನಿಂದ ಒಮ್ಮೆಯೂ ಕಪ್ಪಾದದ್ದಿಲ್ಲ.

ಇವತ್ತು ನನ್ನ ಒಗೆತದ ದಿನ. ನಾಲ್ಕು ಮನೆಗಳ ಕಟ್ಟಡ, ನೆಲಮಾಳಿಗೆಯಲ್ಲಿ ಒಂದೇ ಒಗೆಯುವ ಕೋಣೆ, ಮನೆಗೊಂದು ದಿನ. ಸೋಮವಾರ ಕೆಳಗಿನ ಮನೆಯ ಅಜ್ಜಿ, ಫ್ರಾವ್ ಇಂಬೋಡನ್ ಅವರದು. ವಾರದ ಒಳ್ಳೆಯ ದಿನ ಅದು, ಬಿಟ್ಟುಕೊಡಿ ಎಂದು ಕೇಳುವ ಧೈರ್ಯ ಯಾರಿಗೂ ಇಲ್ಲ. ಮಂಗಳವಾರ ನನ್ನದು. ಎಂದಿನಂತೆ ಒಣಗಿಸುವ ಯಂತ್ರದ ಜಾಲರಿಯಲ್ಲಿ ಅವರ ಬಟ್ಟೆಯ ಜುಂಗು — ಬೂದು ಕಂಬಳಿಯ ತುಂಡಿನ ಹಾಗೆ. 'ಜುಂಗನ್ನು ಬಳಸಿದವರೇ ತೆಗೆಯತಕ್ಕದ್ದು' ಎಂದು ಗೋಡೆಯ ಮೇಲೆ ದಪ್ಪಕ್ಷರದಲ್ಲಿದೆ. ಬರೆದವರೂ ಅವರೇ! ಪಾಪ, ಎಂಬತ್ತರ ಹತ್ತಿರ ಬಂದರು, ಕಣ್ಣು ಮಂದ. ಕಿತ್ತು ಬಿಸಾಡಿ ನನ್ನ ಹಾಸಿಗೆಬಟ್ಟೆ ಹಾಕಿದೆ.

ಮೇಲೆ ಬರುವಾಗ ಬಾಗಿಲಿನ ಪಕ್ಕ ಊರಸಭೆಯ ಪ್ರಕಟಣೆ. ನವೆಂಬರ್ 28, ಶಾಲೆಯ ವ್ಯಾಯಾಮ ಕೋಣೆ. ಮೊದಲು ಬಜೆಟ್. ಆಮೇಲೆ, ಆಶ್ರಯ ಕೇಳಿ ಬಂದ ಸಂಸಾರಗಳಿಗೆ ಬ್ಯಾರಕ್ಕು ಕೊಡಬೇಕೋ ಬೇಡವೋ. ಅದರ ಕೆಳಗೆ — ಪೌರತ್ವ: ಮಿಲೆವ್ಸ್ಕಾ, ಝಾಗೋರ್ಕಾ.

ನನ್ನ ಹೆಸರು. ಬ್ಯಾರಕ್ಕಿಗೂ 'ಇತರೆ ವಿಷಯ'ಗಳಿಗೂ ನಡುವೆ.

ನವೆಂಬರ್ 14. ಸಂಜೆ

ವೃದ್ಧಾಶ್ರಮದ ಆಫೀಸು ಮುಗಿಸಿ ಬರುವಾಗ ಸಹಕಾರಿ ಅಂಗಡಿಗೆ ಹೋದೆ. ಚೀಸಿನ ಕಟ್ಟೆಯ ಮುಂದೆ ಜಗಳ. ದನ ಸಾಕುವ ತ್ಸೆನ್‌ಹಾಯ್ಸರ್ನ್, ಬಸ್ಸಿನ ಡ್ರೈವರ್ ಆಂಬ್ರೋಸ್. ಒಂದೇ ಬೆಂಚಿನಲ್ಲಿ ಓದಿದವರಂತೆ, ಆಗಿನಿಂದಲೂ ಜಗಳವಂತೆ.

"ಡಾಕ್ಟರು ಬರೋದೇ ವಾರಕ್ಕೆ ಎರಡು ದಿನ. ನನ್ ಮಂಡಿಗೆ ಜನವರಿ ಅಂದಿದಾರೆ. ಇನ್ನೂ ಆರು ಸಂಸಾರ ಬರ್ಲಿ, ನನ್ ಮಂಡಿ ಈಸ್ಟರ್ ಹಬ್ಬಕ್ಕೆ!"

"ನಿನ್ ಮಂಡಿ ಕೆಟ್ಟಿದ್ದು ಅವ್ರು ಹುಟ್ಟೋಕ್ಕೆ ಮುಂಚೆ ಕಣೋ. ಶಾಲೇಲಿ ಮಕ್ಕಳೆಷ್ಟು ಹೇಳು. ಇನ್ನೆರಡು ಕಡಿಮೆ ಆದ್ರೆ ಮುಚ್ತಾರೆ. ಶಾಲೆ ಮುಚ್ಚಿದ್ರೆ ನನ್ ಬಸ್ಸೂ ನಿಂತ್ಹೋಗುತ್ತೆ. ಆಮೇಲೆ ಡಾಕ್ಟರ ಹತ್ರ ಹಸು ಮೇಲೆ ಕೂತ್ಕೊಂಡು ಹೋಗು."

"ಮಕ್ಳು ಬರ್ತವೆ, ಸರಿ. ಭಾಷೆ ಕಲ್ಸೋರು ಯಾರು? ಇರೋದು ಒಬ್ಳು ಟೀಚರು. ಅವ್ಳು ಅವಕ್ಕೆ ಎ ಬಿ ಸಿ ಹೇಳ್ಕೊಂಡು ಕೂತ್ರೆ ನನ್ ಮೊಮ್ಮಗಳು ಬಾಯಿಗೆ ಬೆರಳಿಟ್ಕೊಂಡು ಕೂತಿರ್ಬೇಕಾ?"

ಆಗ ತ್ಸೆನ್‌ಹಾಯ್ಸರ್ನ್ ನನ್ನನ್ನು ನೋಡಿದ. ಮುಖ ಕೆಂಪಾಯಿತು. "ನಿಮಗಲ್ಲ ಹೇಳಿದ್ದು, ಫ್ರಾವ್ ಮಿಲೆವ್ಸ್ಕಾ. ನೀವು... ನೀವು ಬೇರೆ."

"ಪರವಾಗಿಲ್ಲ" ಅಂದೆ. ನಕ್ಕೆ. ಬ್ರೆಡ್ ತೆಗೆದುಕೊಂಡು ಬಂದೆ.

ಏರು ಹತ್ತುವಾಗ ಯೋಚನೆ. ಅವನ ಮಂಡಿನೋವು ನಿಜ. ನನ್ನ ರಕ್ತದೊತ್ತಡ ನೋಡುವುದಕ್ಕೂ ಜನವರಿಯೇ ಹೇಳಿದ್ದಾರೆ. ಶಾಲೆಯ ಮಾತೂ ನಿಜ. ಒಬ್ಬರು ಸುಳ್ಳು ಹೇಳುತ್ತಿದ್ದರೆ ಎಷ್ಟು ಸುಲಭವಿತ್ತು!

ನವೆಂಬರ್ 18, ಮಂಗಳವಾರ

ಜಾಲರಿ ತುಂಬಿತ್ತು. ತೆಗೆದೆ.

ತವರೂರು ಸ್ಟ್ರೂಗಾದಿಂದ ಅಮ್ಮನ ಫೋನು. "ಹತ್ತೊಂಬತ್ತು ವರ್ಷ ಅದೇ ಮನೇಲಿ ಇದ್ದೀಯ. ಈಗ ಅವ್ರು ಕೈ ಎತ್ತಿ 'ಇರ್ಲಿ ಬಿಡು' ಅನ್ಬೇಕಾ? ಸೊಸೆ ತರೋವಾಗ್ಲೂ ನಾವು ಇಷ್ಟು ಜನರನ್ನ ಕೇಳಲ್ಲ."

"ಇಲ್ಲಿ ಕೇಳ್ತಾರಮ್ಮ."

"ಬೇಡ ಅಂದ್ರೆ? ಹೊರಗೆ ಹಾಕ್ತಾರಾ?"

"ಇಲ್ಲ. ಬೆಂಚಲ್ಲೇ ಕೂತಿರ್ತೀನಿ."

ಅವಳಿಗೆ ಅರ್ಥವಾಗಲಿಲ್ಲ. ಹೇಗೆ ಹೇಳಲಿ? ಗಂಡ ಟ್ರಾಯ್ಚೆ ಸುರಂಗ ಕೊರೆಯಲು ಬಂದವನು, ಸುರಂಗ ಮುಗಿದ ಮೇಲೆ ಹೊರಟುಹೋದ. ನಾನು ಹೋಗಲಿಲ್ಲ. ಯಾಕೆ ಎಂದು ಎಲ್ಲರೂ ಕೇಳಿದರು. ಬೆಟ್ಟ, ಗಾಳಿ ಎಂದೇನೋ ಹೇಳಿದೆ. ನಿಜ ಬೇರೆ. ಆ ನವೆಂಬರಿನಲ್ಲಿ ಸುಮ್ಮನೆ ಊರಸಭೆ ನೋಡಲು ಹೋಗಿದ್ದೆ. ಬಾಸ್ಕೆಟ್‌ಬಾಲಿನ ಬಳೆಯ ಕೆಳಗೆ ಊರೇ ಕುರ್ಚಿ ಹಾಕಿಕೊಂಡು ಕೂತಿತ್ತು. ಚರಂಡಿಗೆ ಎಷ್ಟು, ಹಿಮ ತಳ್ಳುವ ಗಾಡಿಗೆ ಎಷ್ಟು, ಇನ್ನೊಬ್ಬ ಟೀಚರು ಬೇಕೋ ಬೇಡವೋ. ಮಾತು ಮುಗಿಯಿತು. ಕೈಗಳು ಎದ್ದವು. ಹಾಲು ಕರೆದು ಬಂದ ಕೈ, ಬ್ಯಾಂಕಿನ ಕೈ, ನಡುಗುವ ಕೈ. ಎಲ್ಲ ಒಂದೇ ಎತ್ತರಕ್ಕೆ. ನಾನು ಹುಟ್ಟಿದ ದೇಶ ನಾನು ಕಾಲೇಜು ಮುಟ್ಟುವಷ್ಟರಲ್ಲಿ ಮತ್ತೊಂದು ದೇಶವಾಗಿತ್ತು. ನನ್ನನ್ನು ಯಾರು ಕೇಳಿದ್ದರು? ಇಲ್ಲಿ ಚರಂಡಿಗೂ ಕೇಳುತ್ತಾರೆ.

ಆ ದಿನ ಎದ್ದು ನಿಂತ ರೋಮ ಪ್ರತಿ ನವೆಂಬರಿನಲ್ಲೂ ನಿಲ್ಲುತ್ತದೆ. ತಪ್ಪದೆ ಹೋಗುತ್ತೇನೆ. ಕೈ ಎತ್ತುವ ಹಕ್ಕಿಲ್ಲದವರಿಗೆ ಗೋಡೆ ಬದಿಯಲ್ಲಿ ಮಕ್ಕಳು ಹಾರುವ ಗಿಡ್ಡ ಬೆಂಚು. ಮಂಡಿ ಗದ್ದಕ್ಕೆ ತಾಗುತ್ತದೆ.

ನನಗೆ ಬೇಕಾದದ್ದು ಒಂದು ಕುರ್ಚಿ. ಅಷ್ಟೇ. ಅಷ್ಟಕ್ಕೇ ಇಷ್ಟು ಭಯ.

ನವೆಂಬರ್ 29, ಶನಿವಾರ. ಬೆಳಿಗ್ಗೆ

ಇಷ್ಟು ದಿನ ಬರೆಯಲಾಗಲಿಲ್ಲ. ನಿನ್ನೆ ಆಯಿತು.

ಕೋಣೆ ಕಿಕ್ಕಿರಿದಿತ್ತು. ಒದ್ದೆ ಉಣ್ಣೆಯ ವಾಸನೆ. ಬ್ಯಾರಕ್ಕಿನ ವಿಷಯ ಬಂದಾಗ ಮೈಕಿನ ಮುಂದೆ ಸಾಲು. ಯಾರೂ ಕೆಟ್ಟದಾಗಿ ಬೈಯಲಿಲ್ಲ. ಅದೇ ಹೆಚ್ಚು ಭಯ ಹುಟ್ಟಿಸಿತು. ಒಬ್ಬಾಕೆ ಹೇಳಿದಳು, ತನ್ನ ಅಪ್ಪನನ್ನು ನೋಡಿಕೊಳ್ಳುವ ನರ್ಸಿಗೆ ಈಗಲೇ ಊಟಕ್ಕೆ ಬಿಡುವಿಲ್ಲ ಎಂದು. ಟೀಚರು ಎದ್ದು, ತರಗತಿಯಲ್ಲಿ ಖಾಲಿ ಬೆಂಚು ಒರೆಸಿ ಒರೆಸಿ ಸಾಕಾಗಿದೆ ಎಂದಳು. ತ್ಸೆನ್‌ಹಾಯ್ಸರ್ನ್ ಕುಂಟುತ್ತಾ ಬಂದ. ಎಲ್ಲರಿಗೂ ಗೊತ್ತು, ಬೇಡವೆನ್ನುತ್ತಾನೆ. "ಬರ್ಲಿ. ಆದ್ರೆ ಎರಡನೇ ಟೀಚರು ಮೊದ್ಲು ಬರ್ಲಿ, ಆಮೇಲೆ ಜನ. ಕಾಂಟನ್ ಸರ್ಕಾರ ಬರೆದುಕೊಡ್ಲಿ. ಇಲ್ಲಾಂದ್ರೆ ನನ್ ಕೈ ಜೇಬಲ್ಲೇ ಇರುತ್ತೆ." ಎಂದು ಹೇಳಿ ಕೂತ. ಆಂಬ್ರೋಸ್ ಬಾಯಿ ತೆರೆದವನು ಮುಚ್ಚಲೇ ಇಲ್ಲ.

ಕೈಗಳು ಎದ್ದವು. ಎಣಿಸಿದರು. ಮತ್ತೆ ಎಣಿಸಿದರು. ತ್ಸೆನ್‌ಹಾಯ್ಸರ್ನನ ಷರತ್ತಿನೊಂದಿಗೆ ಆಯಿತು — ಕೂದಲೆಳೆಯಲ್ಲಿ. ಸೋತವರು ಗೊಣಗಿದರು, ಆದರೆ ಯಾರೂ ಎದ್ದುಹೋಗಲಿಲ್ಲ. ಮುಂದಿನ ವಿಷಯಕ್ಕೆ ಹಾಳೆ ತಿರುಗಿಸಿದರು. ಆ ಹಾಳೆಗಳ ಸದ್ದು... ಕಣಿವೆಯ ಮೇಲೆ ಹಕ್ಕಿಗಳು ಒಟ್ಟಿಗೆ ತಿರುಗಿದ ಹಾಗೆ.

ಮುಂದಿನ ವಿಷಯ ನಾನು.

ಅಧ್ಯಕ್ಷೆ: "ಫ್ರಾವ್ ಮಿಲೆವ್ಸ್ಕಾ, ಸ್ವಲ್ಪ ಹೊತ್ತು ಹೊರಗಿರ್ತೀರಾ?"

ಹೊರಗಿನ ಓಣಿಯಲ್ಲಿ ಮಕ್ಕಳ ಶೂ ಚೀಲಗಳು. ಸೊಂಟದೆತ್ತರದ ಕೊಕ್ಕೆಗಳು. ಖಾಲಿ ಕೊಕ್ಕೆಗಳೇ ಹೆಚ್ಚು. ಒಳಗೆ ಅಧ್ಯಕ್ಷೆಯ ದನಿ. ಬೇಡವೆನ್ನುವವರು ಎದ್ದು ಕಾರಣ ಹೇಳಬೇಕು, ಅದು ನಿಯಮ. ಯಾರೂ ಹೇಳುವುದಿಲ್ಲ ಎಂದುಕೊಂಡೆ. ಕುರ್ಚಿ ಸರಿದ ಸದ್ದು. ಮೈಕು ಕಿರ್ರೆಂದಿತು. ಮುದಿದನಿ. ಗುರುತಿಸದೆ ಇರಲು ಸಾಧ್ಯವೇ — ದಿನವೂ ಮೆಟ್ಟಿಲ ಮೇಲೆ "ಶುಭದಿನ" ಎನ್ನುವ ದನಿ. ಫ್ರಾವ್ ಇಂಬೋಡನ್!

ಮಾತು ಕೇಳಿಸಲಿಲ್ಲ. ಬಾಗಿಲು ದಪ್ಪ. ಬಹಳ ಹೊತ್ತು ಮಾತಾಡಿದರು. ಆಮೇಲೆ ಎಲ್ಲರೂ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಆ ಮೌನದಲ್ಲಿ ಒಂದು ಶೂ ಚೀಲ ಹಿಡಿದುಕೊಂಡು ನಿಂತಿದ್ದೆ. ಯಾವ ಮಗುವಿನದೋ.

ಬಾಗಿಲು ತೆರೆಯಿತು. ಚಪ್ಪಾಳೆ. "ಒಂದು ಕೈ ಬಿಟ್ಟು ಎಲ್ಲರೂ" ಎಂದರು ಅಧ್ಯಕ್ಷೆ. ಇನ್ನು ಕಾಂಟನ್ನಿನ ಮುದ್ರೆಯೊಂದು ಬಾಕಿ, ಅದು ಬರುತ್ತದಂತೆ. ಆಂಬ್ರೋಸ್ ಪಕ್ಕದ ಕುರ್ಚಿಯ ಮೇಲಿದ್ದ ಕೋಟು ಎತ್ತಿ ಜಾಗ ಮಾಡಿದ. ಕೂತೆ. ಕುರ್ಚಿ ಬೆಚ್ಚಗಿತ್ತು.

ಮುಂದಿನ ಸಾಲಿನಿಂದ ಫ್ರಾವ್ ಇಂಬೋಡನ್ ತಿರುಗಿ ನೋಡಿದರು. ನಗಲಿಲ್ಲ. ಕಣ್ಣು ತಪ್ಪಿಸಲೂ ಇಲ್ಲ.

ಅದೇ ದಿನ, ಮಧ್ಯಾಹ್ನ

ಬಸ್ಸಿನಲ್ಲಿ ನಾನೊಬ್ಬಳೇ. ನಿನ್ನೆ ಫ್ರಾವ್ ಇಂಬೋಡನ್ ಏನು ಹೇಳಿದರೆಂದು ಕೇಳಿದೆ. ಆಂಬ್ರೋಸ್ ಕನ್ನಡಿಯಲ್ಲಿ ನೋಡಿ ಗಂಟಲು ಸರಿಮಾಡಿಕೊಂಡ. ಕುತ್ತಿಗೆ ನೀಟಿ, ತುಟಿ ಬಿಗಿದು, ಥೇಟ್ ಅವರ ಹಾಗೇ.

"'ನನ್ನ ಜುಂಗು ನಾನು ತೆಗಿಯಲ್ಲ' ಅಂದ್ರು. ಹಾಗೇ ಶುರು ಮಾಡಿದ್ದು! 'ಹತ್ತೊಂಬತ್ತು ವರ್ಷದಿಂದ ಸೋಮವಾರ ಸೋಮವಾರ ಬೇಕಂತ್ಲೇ ಬಿಟ್ಟು ಬರ್ತೀನಿ. ಬೇರೆ ಬಾಡಿಗೆಯವ್ರಾಗಿದ್ರೆ ಎರಡನೇ ವಾರ ಬಾಗಿಲು ಬಡಿದು ಜಗಳ ಆಡೋರು. ಮೇಲಿನ ಮನೆ ಶ್ನೀಡ್ರಿಗ್ ಆಡಿದ. ಅವನ ಹೆಂಡ್ತೀನೂ ಆಡಿದ್ಲು. ಈಯಮ್ಮ ತೆಗೀತಾಳೆ, ಸುಮ್ನಿರ್ತಾಳೆ, ಮೆಟ್ಟಿಲ ಮೇಲೆ ಸಿಕ್ರೆ ನಗ್ತಾಳೆ.' ಆಗ ನಾವೆಲ್ಲ ನಕ್ಬಿಟ್ವಿ. ತಿರುಗಿ ನೋಡಿದ್ರು ನೋಡಿ, ಎಲ್ರ ಬಾಯೂ ಬಂದ್."

"ಆಮೇಲೆ?"

"'ಅತಿಥಿ ಹಾಗಿರ್ತಾನೆ. ಊರೋನು ಹಾಗಿರಲ್ಲ. ಅವ್ಳಿಗೆ ಈ ಮನೆ ತನ್ನದು ಅನ್ಸಿದ್ದಿದ್ರೆ ಇಷ್ಟೊತ್ತಿಗೆ ನನಗೆ ಚೆನ್ನಾಗಿ ಬೈದಿರ್ತಿದ್ಲು. ನಾನು ಕಾಯ್ತಾನೇ ಇದ್ದೀನಿ. ಅವ್ಳಿನ್ನೂ ಬಂದಿಲ್ಲ. ಬರೋವರೆಗೂ ನನ್ ಕೈ ಎದ್ದೇಳಲ್ಲ.' ಅಂದು ಕೂತ್ರು." ಆಂಬ್ರೋಸ್ ಗೇರು ಬದಲಿಸಿದ. "ಬೇಜಾರಾಯ್ತಾ?"

ಬೇಜಾರಲ್ಲ. ಅದಕ್ಕೆ ನನ್ನ ಎರಡು ಭಾಷೆಯಲ್ಲೂ ಹೆಸರಿಲ್ಲ. ಕಣ್ಣು ಮಂದ ಎಂದುಕೊಂಡಿದ್ದೆನಲ್ಲ... ನಾನು ಬಂದ ವರ್ಷ ಆಕೆ ದೀಪವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಿದ್ದರು. ಪ್ರತಿ ಮಂಗಳವಾರ ನಾನು ನೆಲಮಾಳಿಗೆಗೆ ಇಳಿಯುವಾಗ ಆ ಬಾಗಿಲ ಹಿಂದೆ ಒಬ್ಬರು ಕಿವಿಗೊಟ್ಟು ಕೂತಿದ್ದರು. ಈಗ ತಟ್ಟುತ್ತಾಳೆ, ಈಗ ತಟ್ಟುತ್ತಾಳೆ ಎಂದು. ನಾನು ಸದ್ದಾಗದಂತೆ ಹೆಜ್ಜೆಯಿಡುತ್ತಿದ್ದೆ. ಅದನ್ನೇ ಒಳ್ಳೆಯತನ ಎಂದುಕೊಂಡಿದ್ದೆ.

ನನ್ನನ್ನು ಇಷ್ಟು ಕಾಲ, ಇಷ್ಟು ಗಮನವಿಟ್ಟು ಇನ್ಯಾರು ಕಾದಿದ್ದಾರೆ? ಟ್ರಾಯ್ಚೆ?

ಡಿಸೆಂಬರ್ 2, ಮಂಗಳವಾರ

ಜಾಲರಿ ತುಂಬಿತ್ತು. ಜುಂಗು ಕೈಯಲ್ಲಿ ಹಿಡಿದು ಅವರ ಬಾಗಿಲ ತನಕ ಹೋದೆ. ಒಳಗೆ ರೇಡಿಯೋ. ನಿಂತಿತು. ಆಕೆಗೆ ಗೊತ್ತಾಗಿದೆ. ಏನು ಹೇಳಲಿ? ವಾಕ್ಯ ಜೋಡಿಸಿದೆ. ಎಲ್ಲ ವಾಕ್ಯವೂ 'ಕ್ಷಮಿಸಿ' ಎಂದೇ ಶುರು.

ತಿರುಗಿ ಬಂದೆ. ರೇಡಿಯೋ ಮತ್ತೆ ಹಾಡಿತು. ಸ್ವಲ್ಪ ಜೋರಾಗಿಯೇ.

ಡಿಸೆಂಬರ್ 9, ಮಂಗಳವಾರ. ಹನ್ನೊಂದು ಗಂಟೆ

ಎರಡು ದಿನದಿಂದ ಹಿಮ. ಇವತ್ತು ಬಿಸಿಲು. ಕಿಟಕಿಯ ಬಳಿ ಕಾಫಿ ಹಿಡಿದು ನಿಂತವಳು ಕುಡಿಯುವುದನ್ನೇ ಮರೆತೆ.

ಬ್ಯಾರಕ್ಕಿನ ಸೂರು ಕಪ್ಪಾಗಿದೆ.

ಇನ್ನೂ ಯಾರೂ ಬಂದಿಲ್ಲ. ಟೀಚರಿಗೆ ಕಾಂಟನ್ ಒಪ್ಪಿದೆಯಂತೆ. ಬಾಯ್ಲರ್ ಕೆಲಸ ಮಾಡುತ್ತದೆಯೋ ಎಂದು ನೋಡಲು ಹೊತ್ತಿಸಿದ್ದಾರೆ, ಗೋಡೆಯ ತೇವ ಆರಲಿ ಎಂದು. ಸುತ್ತ ಎಲ್ಲ ಬಿಳಿ. ನಡುವೆ ಆ ಉದ್ದನೆಯ ಕಪ್ಪು ಸೂರು, ಅಂಚಿನುದ್ದಕ್ಕೂ ಹನಿ, ಹನಿಹನಿಯಲ್ಲೂ ಸೂರ್ಯ. ಕೆಳಗೆ ಬುಟ್ಟಿ ಹೊತ್ತು ನಿಂತಿದ್ದ ತ್ಸೆನ್‌ಹಾಯ್ಸರ್ನ್ ಕೂಡ ಕತ್ತೆತ್ತಿ ನೋಡುತ್ತಿದ್ದ. ಬಹಳ ಹೊತ್ತು.

'ಎಲ್ಲ ಸೂರುಗಳೂ ಒಂದೇ' — ಆ ಸಾಲನ್ನು ಇನ್ನು ನೆನಪು ಮಾಡಿಕೊಳ್ಳುವುದಿಲ್ಲ. ಬೇಡ.

ಕೀಲಿ ತೆಗೆದುಕೊಂಡು ಇಳಿದೆ. ಜೋರಾಗಿಯೇ ಹೆಜ್ಜೆಯಿಟ್ಟೆ. ಜಾಲರಿಯಲ್ಲಿ ಎಂದಿಗಿಂತ ದಪ್ಪ ಜುಂಗು, ಈ ಸಲ ಟವೆಲುಗಳದಿರಬೇಕು. ಕಿತ್ತೆ. ಬುಟ್ಟಿಗೆ ಹಾಕಲಿಲ್ಲ. ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದೆ. ತಟ್ಟಿದ್ದಲ್ಲ, ಬಡಿದೆ.

ತೆರೆದರು. ನೀಲಿ ಏಪ್ರನ್, ಹಣೆಯ ಮೇಲೆ ಕನ್ನಡಕ.

"ಫ್ರಾವ್ ಇಂಬೋಡನ್, ಇದು ನಿಮ್ಮ ಜುಂಗು. ನಿಯಮ ಬರೆದವರು ನೀವೇ. ಪ್ರತಿ ವಾರ ನಾನೇ ಯಾಕೆ ತೆಗೀಬೇಕು? ಇದು ಸರಿಯಲ್ಲ." ಜುಂಗು ಮುಂದೆ ಚಾಚಿದೆ. "ಸ್ವಲ್ಪಾನೂ ಸರಿಯಲ್ಲ!"

ಕನ್ನಡಕ ಇಳಿಸಿಕೊಂಡರು. ಜುಂಗು ನೋಡಿದರು. ನನ್ನನ್ನು ನೋಡಿದರು, ಕಾಲಿನಿಂದ ತಲೆಯವರೆಗೆ. ಆಮೇಲೆ ಬಾಗಿಲನ್ನು ಪೂರ್ತಿ ತೆರೆದು ಹೇಳಿದರು:

"ಅಂತೂ ಬಂದ್ರಾ! ಬನ್ನಿ ಒಳಗೆ, ಕೂತ್ಕೊಳ್ಳಿ. ನಿಮ್ ಮೇಲೆ ನಂದೂ ಹತ್ತೊಂಬತ್ತು ವರ್ಷದ ದೂರುಗಳಿವೆ. ಮೊದಲ್ನೇದು —"